ಒಂದು ಮಣಿ ಕಮ್ಮಿ

ಶಿಶುವಿಹಾರದ ಟೀಚರಮ್ಮನವರಿಗೆ,

ಬೆಳಿಗ್ಗೆ ನಮ್ಮ ಬೇಕರಿಯಿಂದ ಬಂದ ಇಪ್ಪತ್ತು ಲೆಮನ್ ಟಾರ್ಟ್‌ಗಳನ್ನು, ಪೆಟ್ಟಿಗೆ ಬಿಚ್ಚಿದ್ದರೂ ಸರಿ, ಈ ಚೀಟಿ ತಂದ ಡೆಲಿವರಿ ಅಣ್ಣನ ಕೈಗೆ ವಾಪಸ್ ಕೊಟ್ಟುಬಿಡಿ. ಹತ್ತು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅವನ ಸ್ಕೂಟರಿನಲ್ಲಿ ಡಬ್ಬಿಗಳ ನಡುವೆ ಒಬ್ಬರಿಗಷ್ಟೇ ಜಾಗ. ನಾನು ಬಸ್ಸು ಹಿಡಿದು ಹಿಂದೆಯೇ ಬರುತ್ತಿದ್ದೇನೆ.

ಟಾರ್ಟಿಗೆ ಹಿಟ್ಟಿನಿಂದಲೇ ಮಾಡುವ ಬಟ್ಟಲು ಒಲೆಯಲ್ಲಿ ಉಬ್ಬಬಾರದೆಂದು ಅದರೊಳಗೆ ಕಾಗದ ಹಾಸಿ, ಕಡಲೆ ಗಾತ್ರದ ಪಿಂಗಾಣಿ ಮಣಿಗಳನ್ನು ತುಂಬಿ ಬೇಯಿಸುತ್ತೇವೆ. ಬೆಂದ ಮೇಲೆ ಮಣಿ ತೆಗೆದು ನಿಂಬೆಯ ಕೆನೆ ಸುರಿಯುತ್ತೇವೆ. ಇವತ್ತು ಒಂದು ಕಾಗದ ಹರಿದಿತ್ತು. ಈಗ ಮಣಿಗಳನ್ನು ತೊಳೆದು ಎಣಿಸಿದರೆ ಒಂದು ಕಮ್ಮಿ. ಮೂರು ಸಲ ಎಣಿಸಿದೆ. ಒಲೆಯೊಳಗೆ, ಮೇಜಿನಡಿ, ಕಸದ ಬುಟ್ಟಿಯಲ್ಲೂ ಹುಡುಕಿದೆ.

ಬೇಕರಿಯ ಯಜಮಾನರು, "ಒಂದು ಮಣಿಗೆ ಯಾಕಮ್ಮ ಇಷ್ಟು ಗಾಬರಿ? ಗಟ್ಟಿಯಾಗಿದ್ದು ಸಿಕ್ರೆ ಮಕ್ಕಳೇ ಉಗೀತಾರೆ ಬಿಡು" ಅಂದರು. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಉಗಿಯುವುದಿಲ್ಲ ಟೀಚರ್. ಮನೆಯಲ್ಲಿ ನಾನು ಒಂದು ಟಾರ್ಟಿನೊಳಗೆ ಬಾದಾಮಿ ಚೂರು ಬಚ್ಚಿಡುತ್ತೇನೆ. ಸಿಕ್ಕವರು ಯಾರಿಗೂ ಹೇಳದೆ ನುಂಗಿಬಿಟ್ಟರೆ ಗೆದ್ದಂತೆ. ನನ್ನ ಮಗಳು ಆ ಆಟವನ್ನು ತರಗತಿಗೆಲ್ಲ ಕಲಿಸಿದ್ದಾಳೆಂದು ಹೋದ ವಾರ ನೀವೇ ನಗುತ್ತಾ ಹೇಳಿದಿರಿ.

ಈಗಾಗಲೇ ಹಂಚಿದ್ದರೆ, ಯಾರಿಗೆ ಸಿಕ್ಕಿತೆಂದು ಕೇಳಬೇಡಿ, ಯಾರೂ ಹೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿರುವ ಮಗುವಿನ ಹತ್ತಿರ ಮೊದಲು ಓಡಿ.

ಇಂತಿ,
ನೀವು ಮಾತಿನಮಲ್ಲಿ ಎಂದು ಕರೆಯುವವಳ ಅಮ್ಮ