ಕತ್ತು ಹಿಡಿದುಕೊಂಡಿದೆ

ಸರೋಜಿನಿ ನಗರ
೧೧ ಮಾರ್ಚ್ ೨೦೨೫

ಪದ್ಮಾ,

ಹತ್ತೊಂಬತ್ತು ದಿನ ಆಸ್ಪತ್ರೆ, ಎರಡು ತಿಂಗಳು ಬೀಗ ಬಿದ್ದ ಬಟ್ಟೆ ಅಂಗಡಿ, ನಮ್ಮ ಧನ್ಯಾಳ ಎರಡೂ ಕಿವಿ. ಮೆನಿಂಜೈಟಿಸ್ ಕೊಂಡುಹೋದದ್ದು ಇಷ್ಟು. ನೀನು ಅವಳನ್ನು ಕರೆದುಕೊಂಡು ಪೀತಮ್‌ಪುರದ ಅಕ್ಕನ ಮನೆ ಸೇರಿದ್ದನ್ನು ಇನ್ನೂ ಕೂಡಿಸಿಲ್ಲ. ಆ ದಿನ ಡಾಕ್ಟರಿಗೆ ನಾನು ಏನು ಹೇಳಿದೆ ಎಂಬ ನಿಜ ತಿಳಿದ ಮೇಲೆಯೇ ವಾಪಸು ಬರುವ ಮಾತು ಎಂದಿದ್ದೀಯ. ಬರೆಯುತ್ತೇನೆ.

ನೀನು ಮದುವೆಗೆಂದು ದಾವಣಗೆರೆಗೆ ಹೋಗಿದ್ದ ಭಾನುವಾರ. ಬೆಳಿಗ್ಗೆಯೇ ಧನ್ಯಾಳ ಮೈ ಕೆಂಡವಾಗಿತ್ತು. ಎರಡು ಸಲ ವಾಂತಿ. "ಪಪ್ಪಾ, ಲೈಟ್ ಬಂದ್ ಕರೋ, ಕಣ್ಣು ಚುಚ್ಚತ್ತೆ" ಎಂದಳು. ನೀನು ಫೋನಿನಲ್ಲಿ, "ರೀ, ಗದ್ದ ಎದೆಗೆ ತಾಗಿಸೋಕೆ ಹೇಳಿ. ಆಗಲಿಲ್ಲ ಅಂದ್ರೆ ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದೆ. ಅವಳಿಗೆ ಆಗಲಿಲ್ಲ. "ಆಯ್ತು ಕಣೆ, ಹೊರಟೆ" ಎಂದೆ. ಹೊರಡಲಿಲ್ಲ. ಭಾನುವಾರದ ಗಿರಾಕಿಗಳನ್ನು ಬಿಡಲಾರದೆ ಬಡಾವಣೆಯ ಡಾಕ್ಟರಿಗೆ ಫೋನ್ ಮಾಡಿದೆ.

ಇಪ್ಪತ್ತೆರಡು ವರ್ಷ ಹಿಂದಿಯಲ್ಲಿ ಕುರ್ತಾ ಮಾರಿದ ನಾಲಿಗೆಯಲ್ಲವೇ? ನಮ್ಮ "ಕತ್ತು ಹಿಡ್ಕೊಂಡಿದೆ" ಎಂಬುದನ್ನು ಹಾಗೇ ಮಗುಚಿ ಹಾಕಿ, "ಗರ್ದನ್ ಪಕಡ್ ಲೀ ಹೈ" ಎಂದೆ. ಹಿಂದಿಯವರಿಗೆ ಅದು ಯಾರೋ ಬಂದು ಕತ್ತಿಗೆ ಕೈ ಹಾಕಿದ ಹಾಗೆ. "ಅಚ್ಛಾ, ಬಚ್ಚೋಂ ಕಾ ಝಗಡಾ?" ಎಂದು, ಮಕ್ಕಳ ಜಗಳವೆಂದುಕೊಂಡು ಅವರು ನಕ್ಕರು. ಎದುರಿನವರು ಅಂದದ್ದಕ್ಕೆ ಹೂಂಗುಟ್ಟುವುದೇ ನನ್ನ ಕಸುಬು. "ಹಾಂ ಜೀ" ಎಂದು ನಾನೂ ನಕ್ಕೆ. ಜ್ವರ ಸ್ವಲ್ಪ ಎಂದೆ. ವಾಂತಿಯ ಮಾತೇ ಎತ್ತಲಿಲ್ಲ. ಮುಲಾಮು, ನೋವಿನ ಮಾತ್ರೆ ಹೇಳಿದರು.

ಬಿಗಿದುಕೊಂಡ ಕತ್ತಿಗೆ "ಅಕಡ್ ಗಯೀ" ಎನ್ನಬೇಕೆಂದು ಆಸ್ಪತ್ರೆಯ ನರ್ಸ್ ತಿದ್ದಿದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಮಗಳಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಿತ್ತು.

ನಿನ್ನೆ ಕಿವಿಯ ವರದಿ ತಂದೆ. ಇನ್ನು ಕೇಳಿಸುವುದಿಲ್ಲ. ಕಾಲ ಕಳೆದರೆ ಸರಿಹೋಗುತ್ತದೆ ಎಂದು ನಿಮ್ಮಕ್ಕ ಹೇಳಿದರೆ ನಂಬಬೇಡ.

'ನಿನ್ನವನೇ ಆದ' ಎಂದು ಬರೆಯಲು ಕೈ ಬಾರದ,
ತಿಪ್ಪೇಸ್ವಾಮಿ

ತಾ.ಕ.: ಇದನ್ನು ನೀನು ಕೇಳಿರಲಿಲ್ಲ. ಧನ್ಯಾಗೆ ಐದು ವರ್ಷವಿದ್ದಾಗ, ಸರ್ಕಾರಿ ಪಟ್ಟಿಯಲ್ಲಿಲ್ಲದ ಈ ಕಾಯಿಲೆಯ ಲಸಿಕೆ ಹಾಕಿಸಲು ನೀನು ನಮ್ಮಿಬ್ಬರನ್ನು ಕಳಿಸಿದ್ದೆ. ಕ್ಯೂ ನೋಡಿ, ಐಸ್‌ಕ್ರೀಂ ಕೊಡಿಸಿ ಕರೆದುಕೊಂಡು ಬಂದೆ. ಹಾಕಿಸಿದೆ ಎಂದೆ. ಈಗ ನಿಮ್ಮಕ್ಕ ಹೆದರಿ ತಮ್ಮ ಮಗಳಿಗೆ ಹಾಕಿಸಿದರಂತೆ. ಸಿಕ್ಕಿದ್ದು ಇಷ್ಟು: ಅಕ್ಕನ ಮಗಳು ಅಮೂಲ್ಯಳಿಗೆ ಲಸಿಕೆ. ಧನ್ಯಾಗೆ ಒಂದು ಐಸ್‌ಕ್ರೀಂ. ನನಗೆ ನಾಲ್ಕು ವರ್ಷ ನಿನ್ನ ನಂಬಿಕೆ. ನಿನಗೆ ಈ ಕಾಗದ.