ಬಾವಿಗಿಂತ ಎತ್ತರದ ಗೊಬ್ಬರದ ಗುಂಡಿ

ಅಕ್ಟೋಬರ್ ೯, ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಮೂರು ಸಲ ಉತ್ತರ ಬರೆದು ಮೂರನ್ನೂ ಒಲೆಗೆ ಹಾಕಿದೆ. ಸಸಿಗಳಿಗೆ ಹೆಸರಿನ ಚೀಟಿ ಬರೆದು ರೂಢಿಯಾದ ಕೈ ಇದು, ಉದ್ದ ಬರೆಯಲು ಬಗ್ಗುವುದಿಲ್ಲ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನರ್ಸರಿಯಲ್ಲಿ ಗುಲಾಬಿ ಕಸಿಗಳು ಚಿಗುರಿವೆ. ನಿನ್ನ ಚಿಕ್ಕಪ್ಪ ಬಂದು ಎರಡು ದಿನ ಇದ್ದ. ನನ್ನ ಅಡುಗೆ ತಿಂದು, "ಅಣ್ಣಾ, ಇದಕ್ಕಿಂತ ನಿನ್ನ ಗೊಬ್ಬರಾನೇ ವಾಸಿ" ಎಂದ. ನಕ್ಕುಬಿಟ್ಟೆ. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ನಿನ್ನೆದೆಯಲ್ಲಿ ಹಾಲು ಬತ್ತದೇ ಇದ್ದಿದ್ದರೆ ಕೂಸು ಉಳಿಯುತ್ತಿತ್ತು ಎಂದು ಬರೆದಿದ್ದೀಯ. ನಿನ್ನತ್ತೆಯೂ ದಿನಾ ಅದನ್ನೇ ಆಡುತ್ತಾರೆ ಎಂದೂ ಬರೆದಿದ್ದೀಯ. ಆ ಮಾತನ್ನು ಇನ್ನು ಬಾಯಿಗೆ ತರಬೇಡ. ತಪ್ಪು ನಿನ್ನದಲ್ಲ ತಾಯಿ, ನನ್ನದು.

ಕೂಸಿನ ತುಟಿ, ಉಗುರು ನೀಲಿಗಟ್ಟಿದ್ದು ಯಾಕೆಂಬ ಅನುಮಾನ ಡಾಕ್ಟರಿಗೆ ಉಳಿದಿತ್ತಂತೆ. ನೀರು ಪರೀಕ್ಷೆ ಮಾಡುವ ಹುಡುಗಿಯೊಬ್ಬಳನ್ನು ಕಳಿಸಿದ್ದರು. ಅವಳು ನಮ್ಮ ಬಾವಿಯ ನೀರು ತುಂಬಿಸಿಕೊಂಡು ಹೋದಳು. ಹೋದ ವಾರ ವರದಿ ಹಿಡಿದು ಬಂದಳು. ನೀರಿನಲ್ಲಿ ನೈಟ್ರೇಟ್ ಎಂಬ ಗೊಬ್ಬರದ ಉಪ್ಪು ಇರಬಹುದಾದ್ದಕ್ಕಿಂತ ಐದು ಪಟ್ಟು ಇದೆಯಂತೆ.

"ನಲವತ್ತು ವರ್ಷದಿಂದ ಇದನ್ನೇ ಕುಡೀತಿದ್ದೀನಿ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಜಗಳಕ್ಕೇ ನಿಂತೆ. ಅವಳು ಸಿಟ್ಟಾಗಲಿಲ್ಲ. ಗೊಬ್ಬರದ ಗುಂಡಿ ತೋರಿಸಿದಳು.

"ತಾತ, ಗೊಬ್ಬರದ ಸತ್ವಾನ ಗಿಡ ತನಗೆ ಬೇಕಾದಷ್ಟು ತಗೊಳ್ಳುತ್ತೆ. ಉಳಿದದ್ದನ್ನ ಮಳೆ ಕರಗಿಸಿ ಬಾವಿಗಿಳಿಸುತ್ತೆ. ನೀವು ಅದೇ ನೀರು ಸೇದಿ ಗಿಡಕ್ಕೆ ಹಾಕ್ತೀರ, ಮೇಲೆ ಮತ್ತೆ ಗೊಬ್ಬರಾನೂ ಹಾಕ್ತೀರ. ಸುತ್ತಿ ಸುತ್ತಿ ಜಾಸ್ತಿ ಆಗ್ತಾ ಹೋಗುತ್ತೆ. ದೊಡ್ಡವರ ಮೈ ತಡ್ಕೊಳ್ಳುತ್ತೆ. ಆ ನೀರಲ್ಲಿ ಹಾಲುಪುಡಿ ಕಲಸಿ ಕುಡಿಸಿದ್ರೆ, ಹಸುಗೂಸಿನ ರಕ್ತಕ್ಕೆ ಉಸಿರು ಹೊರೋ ಶಕ್ತೀನೇ ಹೋಗುತ್ತೆ."

ಬಾವಿಗಿಂತ ಎತ್ತರದಲ್ಲಿ ಆ ಗುಂಡಿ ತೋಡಿದವನು ನಾನೇ. ಸಸಿಮಡಿಗಳು ಅಲ್ಲೇ ಇವೆ, ಹೊರುವುದು ತಪ್ಪುತ್ತದೆ ಎಂಬ ಸೋಮಾರಿತನ. ಮಣ್ಣಿಗೆ ಹಾಕಿದ್ದು ಮಣ್ಣಲ್ಲೇ ಇರುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವನೂ ನಾನೇ. ಈಗ ಗುಂಡಿ ಖಾಲಿ ಮಾಡಿಸಿ, ಬಾವಿಗೆ ಹಲಗೆ ಹೊಡೆದಿದ್ದೇನೆ. ನೀರು ಸರಿಹೋಗಲು ವರ್ಷಗಳೇ ಬೇಕಂತೆ. ನೋಡಲು ಮಾತ್ರ ಈಗಲೂ ತಿಳಿಯಾಗಿಯೇ ಇದೆ.

ವರದಿಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನತ್ತೆಯ ಕೈಗೆ ಕೊಡು. ಬೈಯುವುದಿದ್ದರೆ ನನ್ನನ್ನು ಬೈಯಲಿ. ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಕಣ್ಣಿಗೆ ನಿದ್ದೆ ಬರಲಿ, ಮನಸ್ಸಿಗೆ ತಡವಾಗಿಯಾದರೂ ನೆಮ್ಮದಿ ಸಿಗಲಿ.

ನಿನ್ನ
ಅಪ್ಪ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. "ಕುದಿಸಿದ್ರೆ ಹೋಗಲ್ವೇನಮ್ಮ?" ಎಂದು ಆ ಹುಡುಗಿಯನ್ನು ಕೇಳಿದ್ದೆ. "ಇಲ್ಲ ತಾತ, ನೀರು ಆವಿಯಾಗುತ್ತೆ, ಅದು ಉಳ್ಕೊಳ್ಳುತ್ತೆ. ಕುದಿಸಿದಷ್ಟೂ ಗಟ್ಟಿಯಾಗುತ್ತೆ" ಎಂದಳು. ಪುಟ್ಟೀ, ಬಾಣಂತನಕ್ಕೆ ಇಲ್ಲಿದ್ದಾಗ, ಕೂಸಿನ ಹಾಲುಪುಡಿಯ ನೀರಿಗೆ ಒಂದು ಕುದಿ ಸಾಕು ಎಂದು ನೀನು ಹೇಳುತ್ತಿದ್ದೆ. ನಿನಗೆ ಎಚ್ಚರಿಕೆ ಸಾಲದು ಎಂದು, ನೀನು ಸ್ನಾನಕ್ಕೆ ಹೋದಾಗ ಆ ಪಾತ್ರೆಯನ್ನು ನಾನು ಮತ್ತೆ ಒಲೆಗೇರಿಸುತ್ತಿದ್ದೆ. ಎಂಟು ವಾರ, ಒಂದು ದಿನವೂ ತಪ್ಪಿಸದೆ, ನೀರು ಅರ್ಧಕ್ಕಿಳಿಯುವವರೆಗೆ.