ಟವೆಲ್ ಕೆಳಗಿನ ದರ

ಅಪ್ಪಾ,

ಬದುಕಿದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ. ಸಹಿ ಎಂದರೆ ಎಡಗೈ ಹೆಬ್ಬೆಟ್ಟು. ಈಗ ಹೋದ ಕಡೆ ಯಾರಾದರೂ ಕಲಿಸಿದ್ದಾರೋ ಏನೋ. ಇಲ್ಲದಿದ್ದರೆ ಪಕ್ಕದಲ್ಲಿದ್ದವರ ಕೈಗೆ ಕೊಟ್ಟು ಓದಿಸಿಕೋ. ಹೇಗೂ ನಿನಗೆ ಹೋದಲ್ಲೆಲ್ಲ ಐದೇ ನಿಮಿಷದಲ್ಲಿ ದೋಸ್ತರು ಸಿಗುತ್ತಾರೆ. ಆದರೆ ಮೆಲ್ಲಗೆ ಓದಲು ಹೇಳು. ನಾನು ನಿನಗೆ ಮಾಡಿದ ಅವಮಾನವನ್ನು ಒಮ್ಮೆ ಹತ್ತು ಜನ ಕೇಳಿದ್ದಾರೆ, ಅಷ್ಟು ಸಾಕು.

ನನ್ನ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ನೆನಪಿದೆಯಾ? ಕಾಸ್ಟ್ ಅಕೌಂಟೆಂಟ್ ಎಂಬ ಹೆಸರು ನಿನ್ನ ನಾಲಿಗೆಗೆ ಹೊರಳಲೇ ಇಲ್ಲ. ಎರಡು ಸಲ ಹೇಳಲು ಹೋಗಿ ಸೋತು, ನೀನೇ ಒಂದು ಹೆಸರಿಟ್ಟುಕೊಂಡು ರಂಗಂಪೇಟೆಯ ಓಣಿ ಓಣಿಗೂ ಸಕ್ಕರೆ ಹಂಚಿ ಬಂದೆ. "ನಮ್ಮ ರೇಣುಕಾ ಲೆಕ್ಕದ ಡಾಕ್ಟ್ರು ಆಗ್ಯಾಳ್ರಿ. ಮಿಲ್ಲಿಗೆ ಏನ್ ರೋಗ ಐತಿ ಅಂತ ಕಾಗದ ನೋಡಿ ಹೇಳ್ತಾಳ." ಶಹಾಪುರದ ರೈಸ್ ಮಿಲ್ಲಿನಲ್ಲಿ ಹಗಲೆಲ್ಲ ಗುಮಾಸ್ತಿಕೆ ಮಾಡಿ, ಬಸ್ಸಿನಲ್ಲಿ ಹೋಗುತ್ತ ಬರುತ್ತ ಓದಿದವಳು ನಾನು. ಪರೀಕ್ಷೆಗೆಂದು ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದಾಗಲೆಲ್ಲ ನೀನು ಜೊತೆಗಿದ್ದೆ. ಮೂರು ತಾಸು ಗೇಟಿನ ಹೊರಗೆ ಕುಳಿತಿದ್ದು, ನಾನು ಬಂದ ಕೂಡಲೇ ಪೇಪರು ಹೇಗಿತ್ತು ಎಂದು ಒಮ್ಮೆಯೂ ಕೇಳಲಿಲ್ಲ. "ಹಸಿವ್ಯಾಗ್ಯಾದೇನವ್ವ?" ಎಂದಷ್ಟೇ ಕೇಳುತ್ತಿದ್ದೆ. ಅಂಥ ನಿನಗೆ ನಾನು...

ಚಿಕ್ಕವಳಿದ್ದಾಗ ನಿನ್ನ ಹೆಗಲ ಮೇಲೆ ಕುಳಿತು ದನದ ಸಂತೆಗೆ ಬರುತ್ತಿದ್ದೆ. ನೀನು ಕೊಳ್ಳುವವನ ಕೈಯನ್ನು ನಿನ್ನ ಕೈಯಲ್ಲಿ ಹಿಡಿದು ಮೇಲೆ ಟವೆಲ್ ಹೊದಿಸಿ, ಬಾಯಲ್ಲಿ ಮಳೆ ಬೆಳೆಯ ಮಾತಾಡುತ್ತ, ಬೆರಳಲ್ಲಿ ಎತ್ತಿನ ದರ ಹೇಳುತ್ತಿದ್ದೆ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಇಡೀ ಅಂಗೈ ಹಿಡಿದರೆ ಐದು. ಮನೆಗೆ ಬಂದು ನನ್ನ ಪುಟ್ಟ ಬೆರಳುಗಳ ಮೇಲೆ ಅದನ್ನೆಲ್ಲ ಕಲಿಸಿದೆ. ನಾನು ಕಲಿತ ಮೊದಲ ಲೆಕ್ಕ ಅದೇ. ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಊರೂರಲ್ಲಿ ಎತ್ತು ಬೇಕಾಗಿ ನಿನಗೆ ಉಣ್ಣಲು ಪುರುಸೊತ್ತಿರಲಿಲ್ಲ. ಮುಂದೆ ಭತ್ತದ ದುಡ್ಡಿನಲ್ಲಿ ಟ್ರ್ಯಾಕ್ಟರುಗಳು ಬಂದವು, ನಿನ್ನ ಸಂತೆ ಸೊರಗಿತು, ಅದೇ ಭತ್ತದ ಮಿಲ್ಲಿನಲ್ಲಿ ನನಗೆ ನೌಕರಿ ಸಿಕ್ಕಿತು. ನಾಲ್ಕಕ್ಷರ ಕಲಿತ ಮೇಲೆ ನಿನ್ನ ಕಸುಬು ಎಂದರೆ ನನಗೆ ನಾಚಿಕೆಯಾಗತೊಡಗಿತ್ತು, ಅಪ್ಪಾ. ಸುತ್ತು ಬಳಸಿ ಹೇಳಿ ಏನು ಮಾಡಲಿ?

ಪಗಾರ ಹೆಚ್ಚು ಮಾಡಿ ಎಂದು ಮಿಲ್ಲಿನ ಸಾಹುಕಾರರನ್ನು ಕೇಳಲು ನಾನು ಹದಿನೈದು ದಿನ ಒದ್ದಾಡಿದ್ದನ್ನು ನೀನು ನೋಡಿದ್ದೆ. ಆಗ ನನಗೆ ಆರು ಸಾವಿರ. ಒಂದು ದಿನ ಉಣ್ಣುತ್ತ ಕುಳಿತಾಗ ನೀನು ಕೇಳಿದೆ, "ಎಷ್ಟು ಕೇಳಬೇಕಂತ ಮಾಡೀದಿ?"

"ಹತ್ತು."

ನೀನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. "ನಮ್ಮ ರೇಟು ನಾವ ಹೇಳಬಾರದವ್ವ. ನಾಚಿಕಿ ಬಂದು ಕಮ್ಮಿ ಹೇಳ್ತೀವಿ. ನಡುವ ಒಬ್ಬರು ಇರಬೇಕು."

"ಅಪ್ಪಾ, ಅದು ಆಫೀಸು. ಸಂತಿ ಅಲ್ಲ."

"ಹೌದವ್ವ, ಹೌದು" ಎಂದೆ. ನೀನು ಎರಡು ಸಲ ಹೌದೆಂದರೆ ಒಪ್ಪಿಲ್ಲ ಎಂದೇ ಅರ್ಥ. ಮೂವತ್ತು ವರ್ಷ ನಿನ್ನ ಮಗಳಾಗಿದ್ದವಳಿಗೆ ಅಷ್ಟೂ ಹೊಳೆಯಬಾರದಿತ್ತೇ?

ಆ ಮಂಗಳವಾರ ನಾನು ಕರೆಂಟ್ ಬಿಲ್ ನೋಡುತ್ತ ಕುಳಿತಿದ್ದಾಗ ಹೊರಗೆ ಹಮಾಲರು ನಗುವುದು ಕೇಳಿಸಿತು. ಕಿಟಕಿಯಲ್ಲಿ ಇಣುಕಿದರೆ ತೂಕದ ಕಾಟಾದ ಪಕ್ಕ ನೀನು! ಸಾಹುಕಾರರ ಬಲಗೈ ನಿನ್ನ ಬಲಗೈಯಲ್ಲಿ, ಮೇಲೆ ನಿನ್ನ ಕೆಂಪು ಅಂಚಿನ ಟವೆಲ್. ನಿನ್ನ ಕಣ್ಣು ಎಲ್ಲೋ ಆಕಾಶದಲ್ಲಿತ್ತು. ಹಮಾಲರು ಚೀಲ ಇಳಿಸಿ ಸುತ್ತ ನಿಂತಿದ್ದರು. "ಒಂಟಿ ಎತ್ತೋ, ಜೋಡಿನೋ?" ಎಂದು ಒಬ್ಬ ಕೂಗಿದ, ಉಳಿದವರು ಮತ್ತೆ ನಕ್ಕರು. ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ.

"ಕೈ ತೆಗಿ ಅಪ್ಪಾ. ನಾ ಏನ್ ಎತ್ತಾ? ನನ್ನ ಹಲ್ಲೂ ಎಣಿಸಿ ತೋರಿಸಿದೇನು ಇವರಿಗೆ?"

ನಗು ನಿಂತಿತು. ಸಾಹುಕಾರರು, "ತಡಿಯವ್ವ, ಮಾತು ಮುಗಿಯಾಕ ಬಂದೈತಿ" ಎಂದರು.

"ನನ್ನ ಪಗಾರದ ಮಾತು ನನ್ನ ಕೂಡ ಆಡ್ರಿ ಸಾವ್ಕಾರ್ರ. ನಡುವ ಮೂರನೇ ಮನಷ್ಯಾ ಬ್ಯಾಡ."

ಮೂರನೇ ಮನುಷ್ಯ. ಅದನ್ನು ನಾನೇ ಹೇಳಿದೆ, ನಿನ್ನ ಮುಂದೆಯೇ ಹೇಳಿದೆ. ನೀನು ಮೆಲ್ಲಗೆ ಕೈ ಬಿಡಿಸಿಕೊಂಡೆ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, "ತಪ್ಪಾತ್ರಿ ಸಾವ್ಕಾರ್ರ, ಹುಡುಗಿ ಹೇಳೂದು ಖರೇ ಐತಿ" ಎಂದೆ. ನನಗೆ "ಬರ್ತೀನವ್ವ" ಎಂದು ಹೇಳಿ ಆ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ. ನಾನು ಒಳಗೆ ಹೋಗಿ ಕರೆಂಟ್ ಬಿಲ್ ಮುಂದುವರಿಸಿದೆ. ನೀರು ಬೇಕಾ ಎಂದಾದರೂ ಕೇಳಬಹುದಿತ್ತು.

ಮರುದಿನ ಒಂದು ಹಾಳೆ ಟೈಪ್ ಮಾಡಿಸಿಕೊಂಡು ಸಾಹುಕಾರರ ಮುಂದೆ ಕುಳಿತೆ. ಹೊಟ್ಟು, ತೌಡು, ನುಚ್ಚಿನಲ್ಲಿ ನಾನು ಎಷ್ಟು ಉಳಿಸಿಕೊಟ್ಟೆ ಎಂದೆಲ್ಲ ಬರೆದಿದ್ದೆ. ಹತ್ತು ಎಂದೆ. ಅವರು ಎಂಟು ಎಂದರು. ಒಂಬತ್ತಕ್ಕೆ ಫೈಸಲಾ ಆಯಿತು. ಗೆದ್ದವಳ ಹಾಗೆ ಮನೆಗೆ ಬಂದು, "ನಾನ ಮಾತಾಡಿ ತಂದೆ, ನೋಡು" ಎಂದು ನಿನ್ನ ಮುಂದೆ ಮೆರೆದೆ. ನೀನು "ಚಲೋ ಆತವ್ವ, ಭಾಳ ಚಲೋ ಆತು" ಎಂದೆ. ನೀನು ಎಷ್ಟಕ್ಕೆ ತಂದಿದ್ದೆ ಎಂದು ಕೇಳಿದ್ದಕ್ಕೆ, "ಟವೆಲ್ ಕೆಳಗಿನ ಮಾತು ಮುರಿದ ಮ್ಯಾಲ ಹೊರಗ ಹೇಳಬಾರದು" ಎಂದೆ. "ಎಂಟು ದಾಟಿರಾಕಿಲ್ಲ ಬಿಡು" ಎಂದು ನಾನು ನಕ್ಕೆ. ನೀನೂ ನಕ್ಕೆ. ಹೇಗೆ ನಗಲು ಸಾಧ್ಯವಾಯಿತು ನಿನಗೆ?

ಅಲ್ಲಿಂದ ಮುಂದೆ ನೀನು ಮಿಲ್ಲಿನ ಕಡೆ ಸುಳಿಯಲಿಲ್ಲ. ಶಹಾಪುರಕ್ಕೆ ಬಂದರೂ ಬಸ್ ಸ್ಟ್ಯಾಂಡಿನಲ್ಲೇ ಚಹಾ ಕುಡಿದು ಹಿಂದಿರುಗುತ್ತಿದ್ದೆಯಂತೆ. ಆಮೇಲೆ ನಾಲ್ಕು ವರ್ಷ ಒಂದೇ ಸೂರಿನ ಕೆಳಗಿದ್ದೆವು, ಒಂದೇ ಬುಟ್ಟಿಯ ರೊಟ್ಟಿ ತಿಂದೆವು. ತಪ್ಪಾಯಿತು ಎಂಬ ಒಂದು ಮಾತಿಗೆ ನಾಲ್ಕು ವರ್ಷ ಸಾಲಲಿಲ್ಲ ನನಗೆ. ಹಬ್ಬಕ್ಕೆ ಹೇಳೋಣ, ಬೋನಸ್ ಬಂದಾಗ ಧೋತರ ಕೊಡಿಸಿ ಹೇಳೋಣ ಎಂದುಕೊಳ್ಳುತ್ತಿದ್ದೆ. ನಿನ್ನ ಎದೆ ಹಿಡಿದುಕೊಂಡಿದ್ದು ಬೆಳಿಗ್ಗೆ ಹತ್ತಕ್ಕೆ. ನಾನು ಎಂಟರ ಬಸ್ಸಿಗೆ ಹೋಗಿಯಾಗಿತ್ತು.

ಮೊನ್ನೆ ಸಾಹುಕಾರರು ಮಿಲ್ಲನ್ನು ಮಗನ ಕೈಗೆ ಒಪ್ಪಿಸಿದರು. ಅವರಿಗೂ ವಯಸ್ಸಾಯಿತು. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದು ಕೂರಿಸಿ, "ಒಂದು ಮಾತು ಎದಿಯೊಳಗ ಕುಂತೈತಿ ರೇಣುಕಾ, ಹೇಳಿಬಿಡ್ತೀನಿ" ಎಂದರು. "ನಿಮ್ಮಪ್ಪ ಅವತ್ತು ಹನ್ನೆರಡಕ್ಕ ತಂದು ನಿಲ್ಲಿಸಿದ್ದ. ನಾ ಹೂಂ ಅಂದು ಕೈ ಒತ್ತಿದ್ದೆ. ನೀ ಬರೂದು ಅರ್ಧ ನಿಮಿಷ ತಡ ಆಗಿದ್ರ ಮುಗೀತಿತ್ತು. ಮೂರು ದಿನ ಯಾದಗಿರಿಯೊಳಗ ದಾಲ್ ಮಿಲ್ಲು, ಜಿನ್ನಿಂಗ್ ಮಿಲ್ಲು ಎಲ್ಲಾ ತಿರುಗಿ, ನಿನ್ನಂಗ ಓದಿದವರಿಗೆ ಏನ್ ಕೊಡ್ತಾರ ಅಂತ ಕೇಳಿಕೊಂಡು ಬಂದಿದ್ದವ್ವ ಅಂವ."

"ಮತ್ತ ನನಗ ಒಂಬತ್ತು ಯಾಕ ಕೊಟ್ರಿ?"

"ನೀನ ಹತ್ತು ಅಂದಿ. ಮಾರೋರ ಕಮ್ಮಿ ಹೇಳಿದ ಮ್ಯಾಲ ಕೊಳ್ಳೋರು ಹೆಚ್ಚು ಕೊಡ್ತಾರೇನು?"

ನನ್ನ ತಲೆ ತನ್ನಷ್ಟಕ್ಕೆ ತಾನೇ ತಿಂಗಳುಗಳನ್ನು ಗುಣಿಸಲು ಹೊರಟಿತ್ತು. ನಿಲ್ಲಿಸಿದೆ. ಅಪ್ಪಾ, ನಿನಗೆ ಆ ರಾತ್ರಿ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಚಲೋ ಆತು ಎಂದೆ. ನನ್ನ ಗೆಲುವು ನನಗೇ ಇರಲಿ ಎಂದು ಬಿಟ್ಟುಕೊಟ್ಟೆಯಾ?

ಎದ್ದು ಹೊರಟವಳನ್ನು ಸಾಹುಕಾರರು ಮತ್ತೆ ಕರೆದರು. "ಇನ್ನೊಂದು ಐತಿ. ನಿನ್ನ ದಲ್ಲಾಳಿ ಏನು, ಎಷ್ಟು ತಗೋತಿ ಅಂತ ಮೊದಲ ಕೇಳಿದ್ದೆ. ರೊಕ್ಕ ಬ್ಯಾಡ್ರಿ, ಹೆಣ್ಮಕ್ಕಳಿಗೆ ಒಂದು ಪಾಯಖಾನಿ ಕಟ್ಟಸ್ರಿ ಅಂದ. ನನ್ನ ಮಗಳು ಮುಂಜಾನಿಂದ ಸಂಜಿತನಕ ಹನಿ ನೀರು ಕುಡಿಯಂಗಿಲ್ರಿ ಅಂದ. ಮಾತೇನೋ ಮುರೀತು. ಆದ್ರ ಅದಕ್ಕ ಹೂಂ ಅಂದಿದ್ದೆ, ಕಟ್ಟಿಸಿದೆ."

ಹೌದು, ಆ ತಿಂಗಳೇ ಗೋದಾಮಿನ ಹಿಂದೆ ಕಟ್ಟಿಸಿದ್ದರು. ಇನ್ಸ್‌ಪೆಕ್ಟರ್ ಬರುತ್ತಾರೆಂದು ಕಟ್ಟಿಸಿದ್ದು ಎಂದುಕೊಂಡಿದ್ದೆ ನಾನು. ಅದಕ್ಕೂ ಮೊದಲು ಹಮಾಲರ ನಡುವೆ ನಾನೊಬ್ಬಳೇ ಹೆಂಗಸು. ಹೇಳುವುದು ಯಾರಿಗೆ? ಮನೆಯಲ್ಲಿ ಅವ್ವನಿಗೂ ಬಾಯಿ ಬಿಟ್ಟಿರಲಿಲ್ಲ. ನಿನಗೆ ಹೇಗೆ ತಿಳಿಯಿತು? ಸಂಜೆ ಬಸ್ಸಿಳಿದು ಯಾರಿಗೂ ಮುಖ ಕೊಡದೆ ಓಡೋಡಿ ಮನೆಗೆ ಬರುತ್ತಿದ್ದುದನ್ನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆಯಲ್ಲ, ಆಗಲೇ? ಮಗಳ ಕೂಡ ಆಡಲಾಗದ ಮಾತನ್ನು ಪರರ ಕೈ ಹಿಡಿದು ಆಡಿ ಬಂದೆ. ಆ ಕೈಯನ್ನೇ ನಾನು ತೆಗೆ ಎಂದೆ. ಅದನ್ನು ಕಟ್ಟಿದಾಗಿನಿಂದ ಒಂದು ದಿನವೂ ತಪ್ಪದೆ ಬಳಸಿದ್ದೇನೆ, ಅಪ್ಪಾ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆಯೂ.

ಈಗ ಮಿಲ್ಲಿನಲ್ಲಿ ನಾವು ನಾಲ್ವರು ಹೆಂಗಸರಿದ್ದೇವೆ. ನಿನ್ನೆ ಊಟಕ್ಕೆ ಕುಳಿತಾಗ ಆ ಮೂವರಿಗೆ, ಹಿಂದಿನ ಪಾಯಖಾನೆ ನಮ್ಮಪ್ಪ ಕಟ್ಟಿಸಿದ್ದು ಎಂದೆ. ವನದುರ್ಗದಿಂದ ಬರುವ ಹುಡುಗಿ ನಂಬಲಿಲ್ಲ. "ಖರೇನಾ ಅಕ್ಕಾ? ಅಷ್ಟು ದೊಡ್ಡ ಮನಷ್ಯಾ ಏನ್ರಿ ಅವ್ರು? ಏನ್ ಮಾಡ್ತಿದ್ರು?" ಎಂದು ಕೇಳಿದಳು. ಇಷ್ಟು ವರ್ಷ ಯಾರು ಕೇಳಿದರೂ ಹೊಲಮನೆ ಎಂದು ಹೇಳಿ ಮಾತು ತೇಲಿಸುತ್ತಿದ್ದೆ. ಹೊಲ ಎಲ್ಲಿತ್ತು ನಮಗೆ?

ದನದ ದಲ್ಲಾಳಿ ಇದ್ದ ಎಂದೆ. ಹೊರಗೆ ಚೀಲ ಹೊರುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.

ನಿನ್ನ
ರೇಣುಕಾ